ಪರ್ತ್ ಗುಡ್ಡಗಳಲ್ಲಿ ಕಾರು ಬಾರದ ಗರಸು ದಾರಿ ಯಾವುದಾದರೂ ಇದೆಯೇ?

ಹಳೇಗಾಲಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಹದಿನಾಲ್ಕು ತಿಂಗಳಾಯಿತು. ಊರು ರಾಣೆಬೆನ್ನೂರಿನ ಕಡೆ. ಈಗಿನ ಮನೆ ಮಿಡ್‌ಲ್ಯಾಂಡ್ ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ. ಹಿತ್ತಲಲ್ಲಿ ಬಟ್ಟೆ ಒಣಹಾಕಲು ನಿಂತರೆ ಪೂರ್ವಕ್ಕೆ ಡಾರ್ಲಿಂಗ್ ಗುಡ್ಡದ ಸಾಲು ಕಾಣುತ್ತದೆ. ದಿನವೂ ನೋಡುತ್ತೇನೆ. ಇನ್ನೂ ಹತ್ತಿಲ್ಲ.

ವಯಸ್ಸು ನಲವತ್ತೇಳು. ಹೈಸ್ಕೂಲಿಗೆ ದಿನವೂ ಹತ್ತು ಕಿಲೋಮೀಟರ್ ಅಟ್ಲಾಸ್ ಸೈಕಲ್ ತುಳಿದವನು. ಆಮೇಲೆ ಇಪ್ಪತ್ತೈದು ವರ್ಷ ಮುಟ್ಟಲಿಲ್ಲ. ಇಲ್ಲಿಗೆ ಬಂದ ಮೇಲೆ ಒಂದು ರಸ್ತೆ ಸೈಕಲ್ ಕೊಂಡು ಮತ್ತೆ ಆರಂಭಿಸಿದೆ. ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಮಾರ್ಚ್‌ನ ಒಂದು ಭಾನುವಾರ ಬೆಳಿಗ್ಗೆ ಹಿಂದಿನಿಂದ ಬಂದ ಯೂಟ್ ಗಾಡಿಯ (ಇಲ್ಲಿನ ಪಿಕಪ್) ಕನ್ನಡಿ ನನ್ನ ಮೊಣಕೈಯನ್ನು ಸವರಿಕೊಂಡು ಹೋಯಿತು. ಬೀಳಲಿಲ್ಲ. ಆದರೆ ರಸ್ತೆಯ ಬದಿಯ ಹುಲ್ಲಿನ ಮೇಲೆ ಕುಳಿತವನು ಇಪ್ಪತ್ತು ನಿಮಿಷ ಏಳಲಾಗಲಿಲ್ಲ. ಮನೆಯಲ್ಲಿ ಹೇಳಬಾರದು ಎಂದುಕೊಂಡಿದ್ದೆ. ಮೊಣಕೈಯ ನೀಲಿ ಗುರುತೇ ಹೇಳಿಬಿಟ್ಟಿತು. ಹೆಂಡತಿಯ ತೀರ್ಪು ಒಂದೇ ಮಾತಿನದು: ಕಾರು ಓಡಾಡುವ ರಸ್ತೆಗೆ ಹೋಗುವುದಾದರೆ ಆ ಸೈಕಲ್ ಮಾರಿಬಿಡಿ.

ಮಾರಿದೆ. ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಹಳೆಯ ಗ್ರಾವೆಲ್ ಬೈಕ್ ತಂದೆ. ತೀರ್ಪನ್ನು ಅಕ್ಷರಶಃ ಪಾಲಿಸಿದ್ದೇನೆ ಎಂದು ನನ್ನ ವಾದ.

ಈಗ ಅದನ್ನು ಎಲ್ಲಿ ಓಡಿಸಬೇಕು ಎಂಬುದೇ ತೊಂದರೆ. ನಮ್ಮ ಕಡೆ ಹೊಲಕ್ಕೆ ಹೋಗುವ ಗರಸು ರಸ್ತೆ ಇರುತ್ತದಲ್ಲ, ಅಂಥದ್ದು ಬೇಕು: ಡಾಂಬರು ಇಲ್ಲದ, ಕಾರು ಬಾರದ, ಮರಗಳ ನಡುವಿನ ದಾರಿ. ಅಂತರ್ಜಾಲದಲ್ಲಿ ಹುಡುಕಿದರೆ ಹೆಲ್ಮೆಟ್ಟಿನ ಮೇಲೆ ಕ್ಯಾಮರಾ ಕಟ್ಟಿಕೊಂಡು ಬಂಡೆಯಿಂದ ಬಂಡೆಗೆ ಜಿಗಿಯುವ ಹುಡುಗರೇ ಸಿಗುತ್ತಾರೆ. ನನಗೆ ಜಿಗಿಯುವುದು ಬೇಡ. ಗುಡ್ಡ ಹತ್ತಬೇಕು, ಆದರೆ ಎದೆ ಒಡೆಯಬಾರದು. ಹನ್ನೆರಡು ವರ್ಷದ ಮಗಳು ತಾನೂ ಬರುತ್ತೇನೆ ಎನ್ನುತ್ತಿದ್ದಾಳೆ. ಅವಳದ್ದು ಸಾಮಾನ್ಯ ಮೌಂಟನ್ ಬೈಕ್. ನನ್ನ ಟೈರು 38 ಮಿಲಿಮೀಟರ್ ಅಗಲದವು, ಸಾಲುತ್ತವೆಯೇ? ಇಲ್ಲಿನ ಕಾಡಿನಲ್ಲಿ ಹಾವಿನ ಭಯ ಎಷ್ಟು? ಪೂರ್ತಿ ದಿನ ಕೊಡಲಾಗದು, ಅರ್ಧ ದಿನದಲ್ಲಿ ಮನೆಗೆ ಬಂದು ಮುಟ್ಟಬೇಕು. ಇಷ್ಟೆಲ್ಲ ಒಟ್ಟಿಗೆ ಕೂಡಿಬರುವ ಜಾಗ ಇದ್ದರೆ ತಿಳಿಸಿ.

---

ಚಿರೆಕಲ್ಲು

ಹಳೇಗಾಲಿಯವರೇ, ತೀರ್ಪಿನೊಳಗೆ ಸಂದು ಹುಡುಕಿದ ನಿಮ್ಮ ಜಾಣತನಕ್ಕೆ ಮೊದಲು ಶಹಭಾಸ್ ಹೇಳುತ್ತೇನೆ. ನಾನು ಹತ್ತೊಂಬತ್ತು ವರ್ಷದಿಂದ ಆ ಗುಡ್ಡಗಳ ಬುಡದಲ್ಲೇ ಇದ್ದೇನೆ. ವಯಸ್ಸು ಅರವತ್ತೊಂದು, ಎಡ ಮಂಡಿ ನಂಬುವಂಥದ್ದಲ್ಲ. ಆದರೂ ವಾರಕ್ಕೆರಡು ಬಾರಿ ಹತ್ತುತ್ತೇನೆ. ಹೇಗೆ ಎಂದರೆ, ನಾನು ಹತ್ತುವುದು ಹಿಂದೆ ರೈಲು ಹತ್ತುತ್ತಿದ್ದ ದಾರಿಯನ್ನು.

ಅದರ ಹೆಸರು ರೈಲ್ವೇ ರಿಸರ್ವ್ಸ್ ಹೆರಿಟೇಜ್ ಟ್ರೈಲ್. ಪರ್ತ್‌ನಿಂದ ಪೂರ್ವದ ಒಳನಾಡಿಗೆ ಹೋಗುತ್ತಿದ್ದ ಹಳೆಯ ಈಸ್ಟರ್ನ್ ರೈಲ್ವೆಯ ಹಳಿಗಳನ್ನು ಕಿತ್ತು, ಅವುಗಳ ಕೆಳಗಿನ ನೆಲದ ಹಾಸನ್ನು ಹಾಗೆಯೇ ಬಿಟ್ಟಿದ್ದಾರೆ. ಇದರಲ್ಲಿ ಎರಡು ತೋಳುಗಳಿವೆ. ದಕ್ಷಿಣದ ತೋಳು ಮೊದಲನೆಯದು, 1880ರ ದಶಕದ್ದು. ಡಾರ್ಲಿಂಗ್‌ಟನ್, ಗ್ಲೆನ್ ಫಾರೆಸ್ಟ್, ಮಂಡೇರಿಂಗ್ ಮೂಲಕ ಹೋಗುತ್ತದೆ. ಅದರ ಏರು ಕಡಿದಾಗಿತ್ತು, ಮೂವತ್ತು ಅಡಿಗೆ ಒಂದು ಅಡಿ. ಉಗಿಬಂಡಿಗಳು ಏದುಸಿರು ಬಿಟ್ಟವು. ಹಾಗಾಗಿ 1896ರಲ್ಲಿ ಉತ್ತರಕ್ಕೆ, ಜೇನ್ ಬ್ರೂಕ್ ತೊರೆಯ ಕಣಿವೆಯನ್ನು ಹಿಡಿದು ಎರಡನೆಯ ಹಾದಿ ಹಾಕಿದರು. ಅಲ್ಲಿ ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರು. ಉಗಿಬಂಡಿಯ ಮೇಲೆ ಕನಿಕರಪಟ್ಟು ಮಾಡಿದ ಆ ಲೆಕ್ಕ ಇವತ್ತು ನನ್ನ ಮಂಡಿಯನ್ನು ಕಾಯುತ್ತಿದೆ. ಎರಡು ತೋಳುಗಳೂ ಮೇಲೆ ಮೌಂಟ್ ಹೆಲೆನಾದಲ್ಲಿ ಕೂಡುತ್ತವೆ. ಸುತ್ತು ಪೂರ್ತಿ ಮಾಡಿದರೆ 41 ಕಿಲೋಮೀಟರ್. ದಕ್ಷಿಣದ ಹಳಿಯಲ್ಲಿ 1954ಕ್ಕೆ ರೈಲು ನಿಂತಿತು, ಉತ್ತರದ್ದರಲ್ಲಿ 1966ಕ್ಕೆ.

ನೀವು ಮೊದಲ ಸಲವೇ ಸುತ್ತಿಗೆ ಹೊರಡಬೇಡಿ. ಸ್ವಾನ್ ವ್ಯೂ ಹಳೆಯ ನಿಲ್ದಾಣದ ಜಾಗದಿಂದ ಉತ್ತರದ ತೋಳನ್ನು ಹಿಡಿಯಿರಿ. ಸ್ವಲ್ಪದರಲ್ಲೇ ಜಾನ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದ ಒಳಗೆ ಇರುತ್ತೀರಿ. ಅಲ್ಲಿಂದ ಹೋವಿಯಾದವರೆಗೆ ಈ ದಾರಿಯಲ್ಲಿ ಕಾರಿನ ಸುಳಿವಿಲ್ಲ. ಇನ್ನೂ ಉತ್ಸಾಹ ಉಳಿದಿದ್ದರೆ ಪಾರ್ಕರ್‌ವಿಲ್ ಮುಟ್ಟಿ. ಅಲ್ಲಿನ ಹಳೆಯ ಟ್ಯಾವರ್ನಿನ ಅಂಗಳದಲ್ಲಿ ಕುಳಿತು ಏನಾದರೂ ಕುಡಿದು ತಿರುಗಿ. ಹೋಗುವಾಗ ಏರು, ಬರುವಾಗ ಇಳಿಜಾರು. ದಣಿದ ಹೊತ್ತಿಗೆ ಗುಡ್ಡವೇ ನಿಮ್ಮನ್ನು ಮನೆಗೆ ತಳ್ಳುತ್ತದೆ. ಇದನ್ನು ತಿರುಗುಮುರುಗು ಮಾಡಿದ ಒಬ್ಬ ಗೆಳೆಯರು ಕೊನೆಯ ಏರಿನಲ್ಲಿ ಸೈಕಲ್ಲನ್ನು ಮರಕ್ಕೆ ಒರಗಿಸಿ, ಕಾರು ತರುವಂತೆ ಮಗನಿಗೆ ಫೋನ್ ಮಾಡಿದ್ದರು.

ಆರಂಭದಲ್ಲೇ ಸುರಂಗ ಬರುತ್ತದೆ. 340 ಮೀಟರ್ ಉದ್ದ, ನಡುವೆ ಹೋದರೆ ಕೈ ಕಾಣುವುದಿಲ್ಲ. ದೀಪ ಒಯ್ಯಿರಿ, ಮೊಬೈಲಿನ ದೀಪ ಸಾಲದು. ಅಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಿ; ಎದುರಿನಿಂದ ನಾಯಿ ಹಿಡಿದುಕೊಂಡು ಯಾರು ಬರುತ್ತಾರೋ ಗೊತ್ತಾಗದು. ಸುರಂಗ ಇಕ್ಕಟ್ಟಾದ್ದರಿಂದ ಏರುವ ಉಗಿಬಂಡಿಗಳ ಹೊಗೆ ಹೊರಗೆ ಹೋಗಲು ದಾರಿಯಿರಲಿಲ್ಲ. 1942ರಲ್ಲಿ ಒಬ್ಬ ಚಾಲಕ ಆ ಹೊಗೆಯಲ್ಲೇ ಉಸಿರುಗಟ್ಟಿ ತೀರಿಕೊಂಡ. ಆಮೇಲೆ ಸುರಂಗದ ಹೊರಗಿನಿಂದ ಸುತ್ತಿ ಬಳಸಿ ಹೋಗುವ ಇನ್ನೊಂದು ಹಳಿ ಹಾಕಿದರು. ಕತ್ತಲೆ ಬೇಡ ಎಂದರೆ ಆ ಬಳಸುದಾರಿಯೂ ಸೈಕಲ್ಲಿಗೆ ಇದೆ. ಸುರಂಗ ದಾಟಿದ ಮೇಲೆ ನ್ಯಾಷನಲ್ ಪಾರ್ಕ್ ಜಲಪಾತ, ಮುಂದೆ ಹೋವಿಯಾ ಜಲಪಾತ. ಶಿರಸಿಯವನಾದ ನನ್ನ ಕಣ್ಣಿಗೆ ಇವು ಜಲಪಾತಗಳೇ ಅಲ್ಲ, ಬಂಡೆಯ ಮೇಲೆ ಜಾರುವ ನೀರು. ಬೇಸಿಗೆಯಲ್ಲಿ ಅದೂ ಇರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ನೋಡಬಹುದು.

ಇನ್ನು ಗರಸಿನ ವಿಷಯ. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೀವು ರಾಣೆಬೆನ್ನೂರಿನ ಗರಸನ್ನು ಮನಸ್ಸಿನಲ್ಲಿಟ್ಟುಕೊಂಡು ಬರುತ್ತೀರಿ. ಇಲ್ಲಿನದು ನಮ್ಮ ಉತ್ತರ ಕನ್ನಡದ ಚಿರೆಕಲ್ಲಿನ ಜಾತಿ, ಕರಾವಳಿಯವರು ಮುರಕಲ್ಲು ಎನ್ನುವುದು, ಪಠ್ಯಪುಸ್ತಕದ ಜಂಬಿಟ್ಟಿಗೆ. ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬಂದು 1807ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ; ಕತ್ತರಿಸಿ ಇಟ್ಟಿಗೆ ಮಾಡಬಹುದಾದ ಕಲ್ಲು ಎಂಬ ಅರ್ಥದಲ್ಲಿ. ನಮ್ಮ ಮನೆಯ ಗೋಡೆ ಅದರದ್ದೇ. ಅಲ್ಲಿ ಅದು ಗೋಡೆಯಾಗಿ ನಿಂತಿದ್ದರೆ ಇಲ್ಲಿ ಬಟಾಣಿ ಕಾಳಿನಷ್ಟು ಗುಂಡಗಿನ ಹರಳುಗಳಾಗಿ ದಾರಿಯ ತುಂಬ ಚೆಲ್ಲಿದೆ. ಇಲ್ಲಿಯವರ ಬಾಯಲ್ಲೂ ಅದು ಬಟಾಣಿ ಜಲ್ಲಿಯೇ, ಪೀ ಗ್ರಾವೆಲ್. ಗಟ್ಟಿ ನೆಲದ ಮೇಲೆ ಒಂದು ಮುಷ್ಟಿ ಗೋಲಿ ಎರಚಿ ಅದರ ಮೇಲೆ ಸೈಕಲ್ ಬಿಟ್ಟಂತೆ ಆಗುತ್ತದೆ. ನೇರ ಹೋಗುವಾಗ ಏನೂ ಅನ್ನಿಸದು. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದಿರೋ, ಸೈಕಲ್ ಒಂದು ಕಡೆ, ನೀವು ಒಂದು ಕಡೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲನ್ನು ಬಿಗಿಹಿಡಿಯಬೇಡಿ, ಕಣ್ಣು ಚಕ್ರದ ಮುಂದಲ್ಲ, ಹತ್ತು ಮಾರು ಆಚೆ ಇರಲಿ. 38 ಮಿಲಿಮೀಟರ್ ಸಾಲುತ್ತದೆ, ಆದರೆ ರಸ್ತೆ ಸೈಕಲ್ಲಿಗೆ ತುಂಬಿಸುವಷ್ಟು ಗಾಳಿ ತುಂಬಿಸಬೇಡಿ. ನಾನು ಎಪ್ಪತ್ತೆರಡು ಕಿಲೋ, ಟ್ಯೂಬಿಲ್ಲದ ನನ್ನ 42 ಮಿಲಿಮೀಟರ್ ಟೈರಿಗೆ ಹಿಂದೆ 34, ಮುಂದೆ 31 ಪಿಎಸ್‌ಐ ಗಾಳಿಯ ಒತ್ತಡ ಇಡುತ್ತೇನೆ. ನಿಮ್ಮದರಲ್ಲಿ ಟ್ಯೂಬ್ ಇದ್ದರೆ ಇನ್ನೊಂದು ಏಳೆಂಟು ಹೆಚ್ಚಿಗೆ ಇಡಿ, ಇಲ್ಲದಿದ್ದರೆ ಕಲ್ಲಿಗೆ ಬಡಿದು ಟ್ಯೂಬ್ ಕತ್ತರಿಸುತ್ತದೆ.

ದಾರಿಯಲ್ಲಿ ಇನ್ನೊಂದು ಗೋಲಿ ಇದೆ, ಮರ್ರಿ ಮರದ ಕಾಯಿ. ಮೊದಲ ಸಲ ಫಲಕ ನೋಡಿದಾಗ ನಾನು ‘ಮಾರಿ’ ಎಂದೇ ಓದಿಕೊಂಡೆ. ಕಟ್ಟಿಗೆಯಂತೆ ಗಟ್ಟಿಯಾದ, ನಿಂಬೆಯಷ್ಟು ದೊಡ್ಡ ಕಾಯಿ. ಗಾಳಿ ಬೀಸಿದ ಮರುದಿನ ರಾಶಿ ರಾಶಿ ಬಿದ್ದಿರುತ್ತದೆ. ಚಕ್ರದಡಿ ಸಿಕ್ಕರೆ ಹೆಸರಿಗೆ ತಕ್ಕಂತೆ ನಡೆದುಕೊಳ್ಳುತ್ತದೆ.

ಕೊನೆಯದಾಗಿ ಒಂದು ಮಾತು. ಇದನ್ನು ಹೇಳದೆ ಯಾರನ್ನೂ ನಾನು ಈ ಕಾಡಿಗೆ ಕಳಿಸುವುದಿಲ್ಲ. ನಮ್ಮದು ಅಡಿಕೆ ತೋಟದ ಮನೆ. ಮಳೆಗಾಲ ಬಂತೆಂದರೆ ಅಪ್ಪನ ಬಾಯಲ್ಲಿ ಒಂದೇ ಶಬ್ದ, ಕೊಳೆ. ಮೈಲುತುತ್ತ, ಸುಣ್ಣ ಕದಡಿ ಬೋರ್ಡೋ ದ್ರಾವಣ ಮಾಡಿಟ್ಟುಕೊಂಡು ಮಳೆ ಹೊಳವಾಗುವುದನ್ನೇ ಕಾಯುತ್ತಿದ್ದರು. ಎರಡು ದಿನ ಬಿಸಿಲು ಕಂಡರೆ, ಅಡಿಕೆ ಮರ ಹತ್ತುವ ಕೊನೆಗೌಡನ ಮನೆಗೆ ನಾನು ಓಡಬೇಕು. ತಡವಾದರೆ ಬುಡದಲ್ಲಿ ಹಸಿರು ಕಾಯಿ ಉದುರಿ ಬಿಳಿ ಬೂಷ್ಟು ಹಿಡಿದು ಬಿದ್ದಿರುತ್ತಿತ್ತು. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಇಲ್ಲಿಗೆ ಬಂದ ಹೊಸತರಲ್ಲಿ ಕಾಡಿನ ದಾರಿಯ ಬದಿಯಲ್ಲಿ ‘ಡೈಬ್ಯಾಕ್’ ಎಂಬ ಎಚ್ಚರಿಕೆಯ ಫಲಕ ನೋಡಿದೆ. ಹಿಂದೆ ಎಲೆಯಿಲ್ಲದೆ ನಿಂತಿದ್ದ ಮರಗಳು. ಮನೆಗೆ ಬಂದು ಓದಿದರೆ ರೋಗಕಾರಕದ ಹೆಸರು ಫೈಟಾಪ್ತೊರಾ. ಅಡಿಕೆಯ ಕೊಳೆಯದ್ದೂ ಅದೇ ಕುಲ! ಇಲ್ಲಿನದು ಅದರ ದಾಯಾದಿ, ಫೈಟಾಪ್ತೊರಾ ಸಿನ್ನಮೋಮಿ. ಅಲ್ಲಿ ಕಾಯಿಗೆ ಹತ್ತುತ್ತದೆ, ಇಲ್ಲಿ ಬೇರಿಗೆ. ಜರ್ರಾ, ಬ್ಯಾಂಕ್ಸಿಯಾ, ಹುಲ್ಲುಮರ ಎಲ್ಲವನ್ನೂ ಬುಡದಿಂದ ಕೊಳೆಸುತ್ತದೆ. ಕೊಳೆಗಾದರೆ ಮೈಲುತುತ್ತ ಇದೆ. ಇದು ಒಮ್ಮೆ ಮಣ್ಣಿಗೆ ಇಳಿದರೆ ತೆಗೆಯುವ ಉಪಾಯವಿಲ್ಲ; ಫಾಸ್ಫೈಟ್ ಎಂಬ ಔಷಧ ಕೊಟ್ಟು ಕೆಲವು ಮರಗಳನ್ನು ಸ್ವಲ್ಪ ಕಾಲ ಉಳಿಸಿಕೊಳ್ಳಬಹುದು, ಅಷ್ಟೇ. ಅದು ಪಯಣಿಸುವುದು ಹಸಿ ಮಣ್ಣಿನಲ್ಲಿ: ಬೂಟಿನಲ್ಲಿ, ಜೀಪಿನಲ್ಲಿ, ನಮ್ಮ ಟೈರಿನ ಹಲ್ಲುಗಳಲ್ಲಿ.

ಹಾಗಾಗಿ ಮನೆಯಿಂದ ಹೊರಡುವಾಗಲೇ ಟೈರು ಸ್ವಚ್ಛವಾಗಿರಲಿ. ಕಾಡಿನಿಂದ ಹೊರಬಂದ ಮೇಲೆ ಗಟ್ಟಿ ಬ್ರಷ್ ಹಾಕಿ ಒಣ ಮಣ್ಣನ್ನು ಅಲ್ಲೇ ಉದುರಿಸಿ, ಆಮೇಲೆ ಮೆಥಿಲೇಟೆಡ್ ಸ್ಪಿರಿಟ್ ಸಿಂಪಡಿಸಿ. ಮಳೆ ಬಂದು ಕೆಸರಾದ ದಿನ ಹೋಗಲೇಬೇಡಿ. ದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ. ಐದು ನಿಮಿಷದ ಕೆಲಸ.

---

ಗುಡ್ಡದಮನೆ

ಚಿರೆಕಲ್ಲು ಅವರ ಮಾತಿಗೆ ನನ್ನದೊಂದು ತಕರಾರು ಇದೆ. ಅವರು ಒಂಟಿಯಾಗಿ ಹೋಗುವವರು, ನೀವು ಮಗಳನ್ನು ಕರೆದುಕೊಂಡು ಹೋಗುವವರು. ನನ್ನ ಇಬ್ಬರು ಮಕ್ಕಳೂ ಈ ದಾರಿಯಲ್ಲೇ ಸೈಕಲ್ ಕಲಿತದ್ದು. ಮಕ್ಕಳಿಗೆ ಐವತ್ತಕ್ಕೆ ಒಂದು ಅಡಿ ಎಂಬ ಲೆಕ್ಕ ಹೇಳಿದರೆ ಆಗುವುದಿಲ್ಲ. ಒಂದೇ ಸಮನೆ ಒಂದು ಗಂಟೆ ಏರು ಎಂದರೆ ಅದು ಏರೇ. ಏರಿನ ಬೇಸರಕ್ಕೆ ಮಕ್ಕಳು ಸೈಕಲ್ಲನ್ನೇ ದ್ವೇಷಿಸುವುದನ್ನು ನೋಡಿದ್ದೇನೆ. ಅವಳ ಮೊದಲ ಸವಾರಿಗೆ ಉದ್ಯಾನದ ಒಳಗಿನ ಊಟದ ಬಯಲಿನವರೆಗೆ ಹೋಗಿ ಬನ್ನಿ, ಸಾಕು. ಅಲ್ಲಿ ಕಾಂಗರೂಗಳು ಮೇಯುತ್ತಿರುತ್ತವೆ, ಅವಳಿಗೆ ಅದೇ ಗುರಿ. ಚಪಾತಿ ಪಲ್ಯದ ಡಬ್ಬಿಯನ್ನು ಮಾತ್ರ ತೆರೆದಿಟ್ಟು ಕೂರಬೇಡಿ. ಕಾಂಗರೂಗಳಿಗೆ ತಿನ್ನಿಸುವುದು ತಪ್ಪು. ಅವು ತಾವಾಗಿ ತಿನ್ನಲು ಬರುವುದನ್ನು ತಡೆಯುವುದು ಕಷ್ಟ.

‘ಕಾರಿಲ್ಲದ ದಾರಿ’ ಎಂಬುದನ್ನೂ ಸ್ವಲ್ಪ ತಿದ್ದಬೇಕು. ಉದ್ಯಾನದೊಳಗೆ ಹೌದು. ಅದರಾಚೆಗೆ ಹಳಿ ಹಾದುಹೋದ ಕಡೆಯೆಲ್ಲ ಈಗ ಊರುಗಳಿವೆ, ಅಡ್ಡ ರಸ್ತೆಗಳಿವೆ. ಪ್ರತಿಯೊಂದು ಅಡ್ಡ ರಸ್ತೆಯಲ್ಲಿ ಮಗಳು ನಿಂತು, ಇಳಿದು, ನೋಡಿ ದಾಟಬೇಕು ಎಂದು ಮೊದಲೇ ಕರಾರು ಮಾಡಿಕೊಳ್ಳಿ. ಇಳಿಜಾರಿನಲ್ಲಿ ಬರುವ ಮಕ್ಕಳಿಗೆ ರಸ್ತೆ ಬಂದದ್ದೇ ತಿಳಿಯುವುದಿಲ್ಲ.

ಕುದುರೆಗಳ ವಿಷಯವನ್ನು ಯಾರೂ ಹೇಳಲಿಲ್ಲ. ಇದು ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು ಮೂವರೂ ಹಂಚಿಕೊಂಡ ದಾರಿ. ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ ಕುದುರೆಗೆ ಹುಲಿಯಂತೆ. ಗಂಟೆ ಹೊಡೆದರೆ ಇನ್ನೂ ಬೆದರುತ್ತದೆ. ದೂರದಿಂದಲೇ ಮಾತನಾಡಿ, ಮನುಷ್ಯರ ದನಿ ಕೇಳಿದರೆ ಸಮಾಧಾನವಾಗುತ್ತದೆ. ಎದುರಿಗೆ ಬಂದರೆ ಬದಿಗೆ ನಿಂತುಬಿಡಿ.

ಹಾವು: ಇವೆ. ಡುಗೈಟ್ ಎಂಬ ಕಂದು ಹಾವು ಬೆಚ್ಚಗಿನ ದಿನಗಳಲ್ಲಿ ದಾರಿಯ ಮೇಲೆ ಮೈ ಚಾಚಿರುತ್ತದೆ, ವಿಷದ್ದು. ಏಳು ವರ್ಷದಲ್ಲಿ ನಾನು ನೋಡಿದ್ದು ನಾಲ್ಕು, ನಾಲ್ಕೂ ತಾವಾಗಿ ಹೋದವು. ಚೀಲದಲ್ಲಿ ಒತ್ತಿ ಸುತ್ತುವ ಬ್ಯಾಂಡೇಜ್ ಎರಡು ಸುರುಳಿ ಇರಲಿ. ಕಚ್ಚಿದರೆ ತೊಳೆಯಬಾರದು, ಕೊಯ್ಯಬಾರದು, ನಡೆಯಬಾರದು. ಕಚ್ಚಿದ ಕೈ ಅಥವಾ ಕಾಲನ್ನು ಪೂರ್ತಿ ಬಿಗಿಯಾಗಿ ಸುತ್ತಿ, ಅಲುಗಾಡದೆ ಕುಳಿತು ತುರ್ತು ಸಂಖ್ಯೆ 000ಕ್ಕೆ ಕರೆ ಮಾಡಬೇಕು. ನಾನು ದಾದಿ, ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹಾವಿಗಿಂತ ನಿಮ್ಮನ್ನು ಹೆಚ್ಚು ಕಾಡುವುದು ಮ್ಯಾಗ್‌ಪೈ ಹಕ್ಕಿ. ಆಗಸ್ಟ್ ಕೊನೆಯಿಂದ ಮರಿ ಮಾಡುವ ಕಾಲ, ಹಿಂದಿನಿಂದ ಬಂದು ಹೆಲ್ಮೆಟ್ಟಿಗೆ ಕುಕ್ಕುತ್ತದೆ. ಹೆಲ್ಮೆಟ್ ಇಲ್ಲಿ ಕಾನೂನಿನಂತೆ ಕಡ್ಡಾಯ. ಕಾನೂನು ಇಲ್ಲದಿದ್ದರೂ ಆ ಹಕ್ಕಿ ಕಡ್ಡಾಯ ಮಾಡುತ್ತಿತ್ತು.

ನಿಜವಾಗಿ ಹೆದರಬೇಕಾದದ್ದು ಬೆಂಕಿಗೆ. 2014ರ ಜನವರಿಯಲ್ಲಿ ಇದೇ ದಾರಿಯ ಮೇಲಿನ ಪಾರ್ಕರ್‌ವಿಲ್, ಸ್ಟೋನ್‌ವಿಲ್, ಮೌಂಟ್ ಹೆಲೆನಾದಲ್ಲಿ ಒಂದೇ ಬೆಂಕಿಗೆ 57 ಮನೆಗಳು ಹೋದವು. 2021ರ ಫೆಬ್ರವರಿಯಲ್ಲಿ ವುರುಲೂ ಬೆಂಕಿಗೆ 86. ಬೇಸಿಗೆಯಲ್ಲಿ ಹೊರಡುವ ಮೊದಲು ರಾಜ್ಯ ಸರ್ಕಾರದ ಎಚ್ಚರಿಕೆಯ ಜಾಲತಾಣ ‘ಎಮರ್ಜೆನ್ಸಿ ಡಬ್ಲ್ಯುಎ’ಯಲ್ಲಿ ಆ ದಿನದ ಬೆಂಕಿ ಅಪಾಯದ ಮಟ್ಟ ನೋಡಿ. ‘ಎಕ್ಸ್‌ಟ್ರೀಮ್’ ಎಂದಿದ್ದರೆ ಸೈಕಲ್ಲಿಗೆ ಎಣ್ಣೆ ಹಾಕುತ್ತ ಮನೆಯಲ್ಲಿರಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಾವು ಬೆಳಿಗ್ಗೆ ಐದೂವರೆಗೆ ಹೊರಟು ಒಂಬತ್ತಕ್ಕೆ ಮನೆಯಲ್ಲಿರುತ್ತೇವೆ. ಆ ತಿಂಗಳುಗಳಲ್ಲಿ ಒಬ್ಬೊಬ್ಬರಿಗೂ ಕುಡಿಯಲು ಎರಡು ಲೀಟರ್ ನೀರು ಬೇಕು, ದಾರಿಯಲ್ಲಿ ಸಿಗುತ್ತದೆ ಎಂದು ನಂಬಬೇಡಿ.

---

ಉದ್ದದಾರಿ

ರೈಲು ದಾರಿ ಮುದುಕರಿಗೆ. (ಚಿರೆಕಲ್ಲು ಅವರು ನನ್ನ ಪರಿಚಿತರು, ಕೋಪಿಸಿಕೊಳ್ಳುವುದಿಲ್ಲ.) ಮಂಡೇರಿಂಗ್‌ನ ಶಿಲ್ಪ ಉದ್ಯಾನದಿಂದ ‘ಮುಂಡಾ ಬಿಡ್ಡಿ’ ಎಂಬ ದಾರಿ ಆರಂಭವಾಗುತ್ತದೆ. ಇಲ್ಲಿನ ಮೂಲನಿವಾಸಿಗಳ ನೂಂಗಾರ್ ಭಾಷೆಯಲ್ಲಿ ಕಾಡಿನ ನಡುವಿನ ದಾರಿ ಎಂದು ಅರ್ಥ. ಸೈಕಲ್ಲಿಗಾಗಿಯೇ ಮಾಡಿದ್ದು, ದಕ್ಷಿಣದ ಆಲ್ಬನಿಯವರೆಗೆ 1,000 ಕಿಲೋಮೀಟರಿಗೂ ಹೆಚ್ಚು, 2013ರಲ್ಲಿ ಪೂರ್ತಿಯಾಯಿತು. ನಡುನಡುವೆ ಮಲಗಲು ಮಾಡು, ಮಳೆನೀರಿನ ತೊಟ್ಟಿ ಇರುವ ಬಿಡದಿಗಳಿವೆ, ದುಡ್ಡಿಲ್ಲ. ನೀವು ಮೊದಲ ಹತ್ತು ಕಿಲೋಮೀಟರ್ ಹೋಗಿ ತಿರುಗಿದರೂ ಕಾಡು ಎಂದರೇನು ಎಂದು ತಿಳಿಯುತ್ತದೆ. ಆದರೆ ಇಲ್ಲಿ ಯಾವ ಎಂಜಿನಿಯರೂ ಉಗಿಬಂಡಿಯ ಮೇಲೆ ಕನಿಕರಪಟ್ಟಿಲ್ಲ. ಕೆಲವು ಏರುಗಳಲ್ಲಿ ಇಳಿದು ತಳ್ಳಬೇಕು, ಬಟಾಣಿ ಜಲ್ಲಿಯ ಮೇಲೆ ತಳ್ಳುವಾಗ ಬೂಟೂ ಜಾರುತ್ತದೆ. 38 ಮಿಲಿಮೀಟರ್ ಇಲ್ಲಿ ಸಾಲದು. ಮಗಳ ಮೌಂಟನ್ ಬೈಕ್ ನಿಮ್ಮನ್ನು ಹಿಂದೆ ಹಾಕುತ್ತದೆ.

ಒಂದು ಎಚ್ಚರಿಕೆ: ಅದೇ ಗುಡ್ಡಗಳಲ್ಲಿ ‘ಬಿಬ್ಬುಲ್‌ಮನ್’ ಎಂಬ ದಾರಿಯೂ ಇದೆ. ಅದು ಕಾಲ್ನಡಿಗೆಯವರಿಗೆ ಮಾತ್ರ. ಹೆಸರು ಗೊಂದಲ ಮಾಡಿಕೊಂಡು ಸೈಕಲ್ ಇಳಿಸಿದರೆ ಬೈಸಿಕೊಳ್ಳುತ್ತೀರಿ, ನ್ಯಾಯವಾಗಿಯೇ. ಮಂಡೇರಿಂಗ್ ಅಣೆಕಟ್ಟಿನ ಸುತ್ತಲಿನದು ಕುಡಿಯುವ ನೀರಿನ ಜಲಾನಯನ. 1903ರಿಂದ ಅಲ್ಲಿಯ ನೀರು ಐನೂರಕ್ಕೂ ಹೆಚ್ಚು ಕಿಲೋಮೀಟರ್ ಕೊಳವೆಯಲ್ಲಿ ಹರಿದು ಚಿನ್ನದ ಗಣಿಯ ಕಲ್ಗೂರ್ಲಿಯನ್ನು ಸಾಕಿದೆ. ಅಲ್ಲಿ ಗುರುತು ಹಾಕಿದ ದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗುವಂತಿಲ್ಲ.

---

ಹಳೇಗಾಲಿ (ಮೂರು ವಾರಗಳ ನಂತರ)

ಉತ್ತರಿಸಿದ ಮೂವರಿಗೂ ಕೃತಜ್ಞತೆ. ನಡುವೆ ಎರಡು ಭಾನುವಾರ ಮಳೆ. ಹಿಂದಿನ ನಾನಾಗಿದ್ದರೆ ಹೋಗಿಬಿಡುತ್ತಿದ್ದೆ, ಆದರೆ ಅಡಿಕೆಯ ಕೊಳೆಯ ಕಥೆ ಓದಿದ ಮಗಳು ಬಿಡಲಿಲ್ಲ. ಮೊನ್ನೆ ಭಾನುವಾರ ನೆಲ ಒಣಗಿತ್ತು. ಇಬ್ಬರೂ ಹೋದೆವು.

ಸುರಂಗದ ಬಾಯಿಯಲ್ಲಿ ಅವಳು ನಿಂತುಬಿಟ್ಟಳು. ಬಳಸುದಾರಿಯಲ್ಲಿ ಹೋಗೋಣ ಎಂದೆ, ಬೇಡ ಎಂದಳು. ಇಬ್ಬರೂ ತಳ್ಳಿಕೊಂಡು ಹೊರಟೆವು. ಅರ್ಧದಲ್ಲಿ ನನ್ನ ಮುಂದಿನ ದೀಪ ಆರಿತು (ಚಾರ್ಜ್ ಮಾಡಿರಲಿಲ್ಲ, ತಪ್ಪು ನನ್ನದೇ). ಅವಳದ್ದೊಂದೇ ಬೆಳಕು, ಇಟ್ಟಿಗೆ ಗೋಡೆ, ಎಲ್ಲೋ ಹನಿ ತೊಟ್ಟಿಕ್ಕುವ ಸದ್ದು. ಆ ಚಾಲಕ ಇಲ್ಲೇ ಸತ್ತನೇ ಎಂದು ಮೆಲ್ಲಗೆ ಕೇಳಿದಳು. ಹೌದು ಎಂದೆ. ಆಮೇಲೆ ಹೊರಗೆ ಬರುವವರೆಗೆ ಇಬ್ಬರೂ ಮಾತನಾಡಲಿಲ್ಲ. ಹೊರಗೆ ಬಂದ ತಕ್ಷಣ ಅವಳು ತಿರುಗಿ ನಿಂತು ಒಳಗೆ ಜೋರಾಗಿ ‘ಕೂ’ ಎಂದು ಕೂಗಿದಳು. ಒಳಗಿನಿಂದ ಬಂದ ಉತ್ತರ ಪ್ರತಿಧ್ವನಿಯಲ್ಲ, ಯಾರದೋ ನಾಯಿಯ ಬೊಗಳು. ಇಬ್ಬರೂ ಹೆದರಿ ನಕ್ಕೆವು.

ಗುಡ್ಡದಮನೆಯವರು ಹೇಳಿದಂತೆ ಊಟದ ಬಯಲಿನಲ್ಲಿ ನಿಲ್ಲುವುದೆಂದು ನಿಶ್ಚಯವಾಗಿತ್ತು. ನಿಂತೆವು, ಕಾಂಗರೂ ನೋಡಿದೆವು, ಡಬ್ಬಿಯನ್ನು ಮಡಿಲಲ್ಲಿ ಅವುಚಿಕೊಂಡು ತಿಂದೆವು. ಆಮೇಲೆ ಅವಳೇ ಇನ್ನೂ ಮೇಲೆ ಹೋಗೋಣ ಎಂದಳು. ಹೋವಿಯಾದವರೆಗೆ ಹೋದೆವು. ದಾರಿಯಲ್ಲಿ ಬಿಸಿಲು ಕಾಯಿಸುತ್ತ ಒಂದು ಬಾಬ್‌ಟೇಲ್ ಹಲ್ಲಿ ಮಲಗಿತ್ತು, ತಲೆ ಯಾವುದು ಬಾಲ ಯಾವುದು ತಿಳಿಯದಂಥ ದಪ್ಪ ಪ್ರಾಣಿ. ನಾವು ಹತ್ತಿರ ಹೋದಾಗ ಬಾಯಿ ತೆರೆದು ನೀಲಿ ನಾಲಿಗೆ ಚಾಚಿತು. ದಾರಿ ಅದರದ್ದು ಎಂದು ಒಪ್ಪಿಕೊಂಡು ಬದಿಯಿಂದ ತಳ್ಳಿಕೊಂಡು ಹೋದೆವು. ಏರು ಏರೆನ್ನಿಸಲೇ ಇಲ್ಲ. ಎಷ್ಟು ಹತ್ತಿದ್ದೇವೆಂದು ತಿಳಿದದ್ದು ತಿರುಗಿ ಬರುವಾಗ, ಪೆಡಲ್ ಮುಟ್ಟದೆ ಚಕ್ರ ತಾನೇ ಓಡತೊಡಗಿದಾಗ.

ಅಲ್ಲೇ ಬಿದ್ದೆ. ಎಲ್ಲ ಓದಿದ್ದೆ, ಎಲ್ಲ ನೆನಪಿತ್ತು, ತಿರುವಿನಲ್ಲಿ ಬೆರಳು ತಾನಾಗಿ ಮುಂದಿನ ಬ್ರೇಕಿಗೆ ಹೋಯಿತು. ಮುಂದಿನ ಚಕ್ರ ಸದ್ದಿಲ್ಲದೆ ಪಕ್ಕಕ್ಕೆ ಸರಿಯಿತು. ಮೊಣಕಾಲು ತರಚಿತು, ಅಂಗೈಯಲ್ಲಿ ಮೂರು ಬಟಾಣಿ ಕಲ್ಲು ಹೂತಿದ್ದವು. ಹೈಸ್ಕೂಲಿನ ದಾರಿಯಲ್ಲಿ ಬಿದ್ದಾಗಲೂ ಹೀಗೆಯೇ ಅಂಗೈಯಿಂದ ಗರಸು ಕಿತ್ತುಕೊಂಡಿದ್ದೇನೆ. ಆದರೆ ಬಿದ್ದ ತಕ್ಷಣ ನಾನು ಮಾಡಿದ ಮೊದಲ ಕೆಲಸ ಹಿಂದೆ ತಿರುಗಿ ನೋಡಿದ್ದು, ಗಾಡಿ ಬರುತ್ತಿದೆಯೇ ಎಂದು. ಬರುತ್ತಿದ್ದವಳು ಮಗಳು, ಬಹಳ ನಿಧಾನವಾಗಿ, ಬ್ರೇಕ್ ಮುಟ್ಟದೆ.

ಕೆಳಗೆ ಬಂದು ಟೈರು ಉಜ್ಜಿದೆವು. ನಾವು ಒಯ್ದದ್ದು ಹಳೆಯ ಹಲ್ಲುಜ್ಜುವ ಬ್ರಷ್. ಟೈರಿನ ಹಲ್ಲುಗಳ ಸಂದಿನ ಕಲ್ಲಿಗೆ ಅದು ಸಾಲಲಿಲ್ಲ, ಮುರಿಯಿತು. ಮಗಳ ಹಿಂದಿನ ಟೈರಿನಲ್ಲಿ ಒಂದು ಮುಳ್ಳೂ ಸಿಕ್ಕಿತು, ನಮ್ಮ ಹೊಲದ ನೆಗ್ಗಿಲು ಮುಳ್ಳನ್ನೇ ಹೋಲುವಂಥದ್ದು. ಕಿತ್ತ ತಕ್ಷಣ ಗಾಳಿ ಹೋಯಿತು, ಟ್ಯೂಬ್ ಬದಲಿಸಲು ನಲವತ್ತು ನಿಮಿಷ. ಮನೆಯಲ್ಲಿ ಮೊಣಕಾಲು ತೋರಿಸಿ, ಕಾರಿನಿಂದ ಆದದ್ದಲ್ಲ ಎಂದು ಮೊದಲೇ ಹೇಳಿದೆ. ಹೆಂಡತಿ ಅರಿಶಿನ ತಂದಳು, ಏನೂ ಅನ್ನಲಿಲ್ಲ.

ಈಗ ಎರಡು ಪ್ರಶ್ನೆ. ನೀವು ಬಳಸುವ ಬ್ರಷ್ ಎಂಥದ್ದು? ಮತ್ತು ಪಾರ್ಕರ್‌ವಿಲ್‌ವರೆಗೆ ಹೋಗಿ ಬರಲು ನನ್ನ ವೇಗಕ್ಕೆ ಬೆಳಿಗ್ಗೆ ಎಷ್ಟಕ್ಕೆ ಹೊರಡಬೇಕು?

---

ಚಿರೆಕಲ್ಲು

ಬಚ್ಚಲು ಉಜ್ಜುವ ಬ್ರಷ್, ಪ್ಲಾಸ್ಟಿಕ್ ಹಿಡಿಯದು, ಗಟ್ಟಿ ಎಳೆಯದು. ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕೈದು ಡಾಲರಿಗೆ ಸಿಗುತ್ತದೆ. ಸಂದಿನ ಕಲ್ಲಿಗೆ ಹಳೆಯ ಸ್ಕ್ರೂಡ್ರೈವರ್. ಮುಳ್ಳಿನ ಕಾಟ ತಪ್ಪಬೇಕಾದರೆ ಮಗಳ ಟ್ಯೂಬಿನೊಳಗೆ ತೂತು ಮುಚ್ಚುವ ಅಂಟುದ್ರವ ಹಾಕಿಸಿ.

ಬರುವ ಭಾನುವಾರ ಏಳೂವರೆಗೆ ನಾನು ಸ್ವಾನ್ ವ್ಯೂ ಹಳೆಯ ನಿಲ್ದಾಣದ ಬಳಿ ಇರುತ್ತೇನೆ, ಹಳದಿ ಹೆಲ್ಮೆಟ್. ಬ್ರಷ್ ಎರಡು ತರುತ್ತೇನೆ. ನೀವು ದೀಪ ಚಾರ್ಜ್ ಮಾಡಿಕೊಂಡು ಬನ್ನಿ. ಶನಿವಾರ ರಾತ್ರಿ ಮಳೆ ಬಂದರೆ ನಾನು ಬರುವುದಿಲ್ಲ, ನೀವೂ ಬರಬೇಡಿ.